ಮಲೇರಿಯ ತಗಲಿದ ರಕ್ತಕಣದಲ್ಲಿ ಲಿಪಿಡ್ ನಿರ್ಮಾಣ: ಒಂದು ಪ್ರಶ್ನೆಯ ಇತಿಹಾಸ

1. ಪ್ರಶ್ನೆಯ ಸ್ವರೂಪ

ಮಲೇರಿಯ ರೋಗದ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಎರಡು ವಿಷಯಗಳಿಗೆ ಪ್ರಾಧಾನ್ಯ ಕೊಟ್ಟಿದ್ದಾರೆ: ಒಂದು ಸೊಳ್ಳೆ, ಇನ್ನೊಂದು ಔಷಧ. ಇವೆರಡರ ನಡುವೆ, ರೋಗಿಯ ರಕ್ತಕಣದ ಒಳಗೆ ನಡೆಯತಕ್ಕ ರಾಸಾಯನಿಕ ವ್ಯವಹಾರಕ್ಕೂ ಒಂದು ಇತಿಹಾಸವುಂಟು. ಅದು ಪ್ರಯೋಗಶಾಲೆಗಳ ವರದಿಗಳಲ್ಲಿ ಚದುರಿಹೋಗಿರುವುದರಿಂದ ಸಾಮಾನ್ಯ ವಾಚಕರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ಬೆಂಗಳೂರಿನಲ್ಲಿಯೇ ನಡೆದಿದೆ ಎಂಬುದೂ ಹೆಚ್ಚು ಜನರಿಗೆ ತಿಳಿದಂತೆ ಕಾಣದು. ಅದನ್ನು ಕ್ರಮವಾಗಿ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ನಾವು ಇತಿಹಾಸದ ವಿದ್ಯಾರ್ಥಿಗಳಾದುದರಿಂದ, ರಸಾಯನ ಶಾಸ್ತ್ರದ ಸೂಕ್ಷ್ಮಗಳಿಗಿಂತ ಹೆಚ್ಚಾಗಿ, ಒಂದು ನಿರ್ಣಯವು ಯಾವ ಆಧಾರದ ಮೇಲೆ ನಿಂತಿತು, ಯಾವ ಆಧಾರದಿಂದ ತಿದ್ದಲ್ಪಟ್ಟಿತು ಎಂಬುದನ್ನು ಇಲ್ಲಿ ಲಕ್ಷ್ಯದಲ್ಲಿಟ್ಟುಕೊಂಡಿದ್ದೇವೆ.

ಪ್ರಶ್ನೆ ಇದು. ಪ್ಲಾಸ್ಮೋಡಿಯಂ ಫಾಲ್ಸಿಪರಂ ಎಂಬ ಮಲೇರಿಯ ಪರೋಪಜೀವಿಯು ಮನುಷ್ಯನ ಕೆಂಪು ರಕ್ತಕಣವನ್ನು ಹೊಕ್ಕಮೇಲೆ ಸುಮಾರು 48 ಗಂಟೆಗಳಲ್ಲಿ ಒಂದು ಹದಿನಾರಾಗಿ, ಕೆಲವೊಮ್ಮೆ ಮೂವತ್ತೆರಡಾಗಿ ವಿಭಾಗ ಹೊಂದಿ, ಕಣವನ್ನು ಒಡೆದುಕೊಂಡು ಹೊರಬರುತ್ತದೆ. ಹುಟ್ಟಿದ ಪ್ರತಿಯೊಂದು ಮರಿಜೀವಿಗೂ ಮೈಮೇಲೊಂದು ಪೊರೆ ಬೇಕು. ಒಳಗಿನ ಅಂಗಕಗಳಿಗೂ ಪೊರೆ ಬೇಕು. ಪೊರೆಗಳ ಮುಖ್ಯ ದ್ರವ್ಯ ಲಿಪಿಡ್, ಅಂದರೆ ಮೇದಸ್ಸಿನ ಜಾತಿಗೆ ಸೇರಿದ ವಸ್ತು. ಸೋಂಕು ತಗಲಿದ ರಕ್ತಕಣದಲ್ಲಿ ಫಾಸ್ಫೋಲಿಪಿಡ್ಡುಗಳ ಮೊತ್ತವು ಐದಾರು ಪಟ್ಟು ಹೆಚ್ಚುತ್ತದೆಂದು ಅಳತೆಗಳಿಂದ ತಿಳಿದುಬಂದಿದೆ. ಇಷ್ಟೊಂದು ಲಿಪಿಡ್ ಎಲ್ಲಿಂದ ಬಂದಿತು? ಅದನ್ನು ತಯಾರಿಸಿದವರು ಯಾರು?

ಇವು ಎರಡು ಪ್ರಶ್ನೆಗಳೆಂಬುದನ್ನು ವಾಚಕರು ಮೊದಲೇ ಮನಗಾಣಬೇಕು. ಪಾಳುಬಿದ್ದ ಹಳೆಯ ಕಟ್ಟಡದ ಕಲ್ಲುಗಳನ್ನು ಹೊತ್ತು ತಂದು ಹೊಸ ಕಟ್ಟಡಕ್ಕೆ ಬಳಸಿರುವುದನ್ನು ನಾವು ಅನೇಕ ಊರುಗಳಲ್ಲಿ ನೋಡುತ್ತೇವೆ. ಅಲ್ಲಿ ಕಲ್ಲು ಯಾರದು ಎಂಬುದು ಒಂದು ಪ್ರಶ್ನೆ. ಕಟ್ಟಿದವರು ಯಾರು ಎಂಬುದು ಇನ್ನೊಂದು. ಒಂದಕ್ಕೆ ದೊರೆತ ಉತ್ತರವನ್ನು ಇನ್ನೊಂದಕ್ಕೆ ಅನ್ವಯಿಸಿದರೆ ಕಟ್ಟಡದ ಚರಿತ್ರೆಯೇ ತಪ್ಪಾಗುತ್ತದೆ.

ಇದು ಕೇವಲ ಕುತೂಹಲದ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ 30 ಲಕ್ಷ ಮಲೇರಿಯ ಪ್ರಕರಣಗಳಾಗಿ, 5 ಲಕ್ಷ 97 ಸಾವಿರ ಮಂದಿ ಮಡಿದರು. ಸತ್ತವರಲ್ಲಿ ಬಹುಪಾಲು ಆಫ್ರಿಕದ ಎಳೆಯ ಮಕ್ಕಳು. ಕ್ಲೋರೋಕ್ವಿನ್ನಿಗೆ ಫಾಲ್ಸಿಪರಂ ಜಗ್ಗದಂತಾಗಿ ಬಹಳ ಕಾಲವಾಯಿತು. ಅದರ ಸ್ಥಾನದಲ್ಲಿ ಬಂದ ಆರ್ಟಿಮಿಸಿನಿನ್ ವರ್ಗದ ಔಷಧಗಳಿಗೂ ಪ್ರತಿರೋಧವು ಮೊದಲು ಕಾಂಬೋಡಿಯದಲ್ಲಿ, ಅನಂತರ ಪೂರ್ವ ಆಫ್ರಿಕದಲ್ಲಿ ತಲೆದೋರಿತು. ಪರೋಪಜೀವಿಯು ಲಿಪಿಡ್ಡನ್ನು ಮನುಷ್ಯನಲ್ಲಿಲ್ಲದ ಒಂದು ವಿಧಾನದಿಂದ ತಯಾರಿಸಿಕೊಳ್ಳುವುದಾದರೆ, ರೋಗಿಗೆ ಕೇಡಾಗದಂತೆ ಆ ವಿಧಾನವನ್ನು ತಡೆಯಬಹುದು. ಕಲ್ಲು ಯಾರದು, ಕಟ್ಟಿದವರು ಯಾರು ಎಂಬ ವಿವೇಚನೆಗೆ ಇರುವ ಬೆಲೆ ಇದು.

2. ರಕ್ತಕಣ ಮತ್ತು ಅದರ ಪೊರೆ

ಕೆಂಪು ರಕ್ತಕಣವು ದೇಹದ ಇತರ ಜೀವಕೋಶಗಳಂತಲ್ಲ. ಪಕ್ವವಾಗುವ ಕಾಲಕ್ಕೆ ಅದು ತನ್ನ ಕೋಶಕೇಂದ್ರವನ್ನು ಕಳೆದುಕೊಂಡಿರುತ್ತದೆ. ಮೈಟೋಕಾಂಡ್ರಿಯಗಳೂ ರೈಬೋಸೋಮುಗಳೂ ಅದರಲ್ಲಿ ಉಳಿದಿರುವುದಿಲ್ಲ. ಹಿಮೋಗ್ಲೋಬಿನ್ನನ್ನು ತುಂಬಿಕೊಂಡು ಸುಮಾರು 120 ದಿನಗಳ ಕಾಲ ರಕ್ತದಲ್ಲಿ ಸಂಚರಿಸುವುದೇ ಅದರ ಜೀವನ. ಹೊಸದಾಗಿ ಮೇದಾಮ್ಲಗಳನ್ನು, ಅಂದರೆ ಫ್ಯಾಟಿ ಆಸಿಡ್ಡುಗಳನ್ನು, ತಯಾರಿಸುವ ಶಕ್ತಿ ಅದಕ್ಕಿಲ್ಲ. ಸುತ್ತಲಿನ ಪ್ಲಾಸ್ಮದೊಡನೆ ಕೊಲೆಸ್ಟರಾಲ್ ಮತ್ತು ಫಾಸ್ಫೋಲಿಪಿಡ್ಡುಗಳನ್ನು ವಿನಿಮಯ ಮಾಡಿಕೊಳ್ಳುವುದು, ಪೊರೆಯಲ್ಲಿ ಹಾಳಾದ ಮೇದಾಮ್ಲವನ್ನು ತೆಗೆದು ಬೇರೊಂದನ್ನು ಕೂಡಿಸುವುದು, ಇಷ್ಟು ದುರಸ್ತಿ ಕಾರ್ಯ ಮಾತ್ರ ಅದಕ್ಕೆ ಸಾಧ್ಯ.

ಜೀವಕೋಶದ ಪೊರೆಯ ರಚನೆ ಮೊದಲು ಊಹೆಗೆ ಬಂದುದೂ ಈ ಕಣಗಳ ಅಭ್ಯಾಸದಿಂದಲೇ. 1925ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ವಿಜ್ಞಾನಿಗಳು ರಕ್ತಕಣಗಳಿಂದ ಲಿಪಿಡ್ಡನ್ನು ಬೇರ್ಪಡಿಸಿ ನೀರಿನ ಮೇಲೆ ಒಂದೇ ಪದರವಾಗಿ ಹರಡಿ ನೋಡಿದರು. ಅದು ಆವರಿಸಿದ ವಿಸ್ತೀರ್ಣವು ಕಣಗಳ ಮೈವಿಸ್ತೀರ್ಣಕ್ಕೆ ಎರಡರಷ್ಟಿತ್ತು. ಆದಕಾರಣ ಪೊರೆಯು ಲಿಪಿಡ್ಡಿನ ಇಮ್ಮಡಿ ಪದರವೆಂದು ಅವರು ನಿರ್ಣಯಿಸಿದರು. ಅವರ ಅಳತೆಯಲ್ಲಿ ಎರಡು ದೋಷಗಳಿದ್ದುವು: ಲಿಪಿಡ್ ಪೂರ್ಣವಾಗಿ ಬೇರ್ಪಟ್ಟಿರಲಿಲ್ಲ, ಕಣದ ಮೈವಿಸ್ತೀರ್ಣವನ್ನೂ ಕಡಮೆಯಾಗಿ ಎಣಿಸಲಾಗಿತ್ತು. ಎರಡು ದೋಷಗಳೂ ಒಂದನ್ನೊಂದು ಸರಿದೂಗಿಸಿದುವು, ನಿರ್ಣಯ ನಿಂತಿತು.

ಹೀಗೆ ಪರೋಪಜೀವಿಯು ಆರಿಸಿಕೊಂಡ ಮನೆ ಬಹುಮಟ್ಟಿಗೆ ಬರಿದಾದ ಮನೆ. ಹಿಮೋಗ್ಲೋಬಿನ್ನಿನ ರೂಪದಲ್ಲಿ ಪ್ರೋಟೀನು ಅಲ್ಲಿ ಹೇರಳವಾಗಿದೆ. ಆದರೆ ಲಿಪಿಡ್ ಇರುವುದು ಗೋಡೆಯಲ್ಲಿ ಮಾತ್ರ. ಗೋಡೆಯನ್ನೇ ಕಿತ್ತು ಬಳಸಿದರೆ ಮನೆ ಕುಸಿಯುತ್ತದೆ. ಮೇಲಾಗಿ ಅದು ಸಾಲದು.

3. ಕಲ್ಲು ಎಲ್ಲಿಂದ ಬಂದಿತು

1880ರ ನವೆಂಬರ್ 6ರಂದು ಆಲ್ಜೀರಿಯದ ಕಾನ್‌ಸ್ಟಂಟೈನ್ ನಗರದಲ್ಲಿ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ಈ ಜೀವಿಯನ್ನು ಕಂಡನು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದನ್ನು ಸೊಳ್ಳೆಯ ಜಠರದ ಗೋಡೆಯಲ್ಲಿ ಕಂಡನು. ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ ವಿದ್ವಾಂಸರ ಗಮನವೆಲ್ಲ ಜೀವಿಯ ಆಕಾರ ಮತ್ತು ಜೀವನಚಕ್ರದ ಕಡೆಗಿತ್ತು. ರಸಾಯನದ ವಿಚಾರ ಮಾಡಬೇಕಾದರೆ ಪರೋಪಜೀವಿಗಳು ಹೇರಳವಾಗಿ, ಒಂದೇ ವಯಸ್ಸಿನವಾಗಿ ದೊರೆಯಬೇಕು. ಆ ಸೌಕರ್ಯ ಒದಗಿದುದು ಕಲ್ಕತ್ತೆಯಿಂದ. ಅಲ್ಲಿಯ ಉಷ್ಣವಲಯ ವೈದ್ಯ ವಿದ್ಯಾಲಯದಲ್ಲಿ ನೋಲ್ಸ್ ಮತ್ತು ದಾಸ್‌ಗುಪ್ತ ಎಂಬವರು 1932ರಲ್ಲಿ ಮಂಗಗಳ ಮಲೇರಿಯ ಜೀವಿಯೊಂದನ್ನು ವರ್ಣಿಸಿದರು. ನೋಲ್ಸನ ಹೆಸರಿನಿಂದಲೇ ಅದಕ್ಕೆ ಪ್ಲಾಸ್ಮೋಡಿಯಂ ನೋಲೆಸಿ ಎಂಬ ಹೆಸರಾಯಿತು. ರೀಸಸ್ ಮಂಗಗಳಲ್ಲಿ ಅದು 24 ಗಂಟೆಗೊಮ್ಮೆ ವೃದ್ಧಿಯಾಗಿ ರಕ್ತವನ್ನೆಲ್ಲ ವ್ಯಾಪಿಸುತ್ತದೆ.

1942ರಲ್ಲಿ ಜಾವಾ ದ್ವೀಪವು ಜಪಾನೀಯರ ವಶವಾಗಿ ಕ್ವಿನೈನ್ ಸರಬರಾಯಿ ನಿಂತುಹೋದಾಗ ಅಮೆರಿಕದಲ್ಲಿ ಮಲೇರಿಯದ ಸಂಶೋಧನೆಗೆ ಹಠಾತ್ತಾಗಿ ಪ್ರೋತ್ಸಾಹ ದೊರೆಯಿತು. ಆ ದಶಕದಲ್ಲಿ ನೋಲೆಸಿ ಜೀವಿಯ ಮೇಲೆ ನಡೆದ ರಾಸಾಯನಿಕ ಪರೀಕ್ಷೆಗಳಲ್ಲಿ, ಸೋಂಕು ತಗಲಿದ ರಕ್ತಕಣದ ಲಿಪಿಡ್ ಹಲವು ಪಟ್ಟು ಹೆಚ್ಚುವುದು ಮೊದಲ ಬಾರಿಗೆ ಅಂಕಿಗಳಲ್ಲಿ ಕಂಡುಬಂದಿತು. ಅನಂತರ ವಿಕಿರಣಶೀಲ ಇಂಗಾಲದ ಗುರುತು ಹಚ್ಚಿದ ವಸ್ತುಗಳನ್ನು ಕೊಟ್ಟು, ಅವು ಎಲ್ಲಿ ಸೇರುತ್ತವೆಂದು ಪತ್ತೆಹಚ್ಚುವ ಕ್ರಮ ಬಳಕೆಗೆ ಬಂದಿತು. ಗುರುತು ಹಚ್ಚಿದ ಸಿದ್ಧ ಮೇದಾಮ್ಲವನ್ನು ಕೊಟ್ಟರೆ ಪರೋಪಜೀವಿಯು ಅದನ್ನು ಬೇಗನೆ ತನ್ನ ಫಾಸ್ಫೋಲಿಪಿಡ್ಡುಗಳಿಗೆ ಸೇರಿಸಿಕೊಳ್ಳುತ್ತಿತ್ತು. ಅಸಿಟೇಟಿನಂಥ ಚಿಕ್ಕ ಅಣುವನ್ನು ಕೊಟ್ಟರೆ ಅದರಿಂದ ಉದ್ದವಾದ ಮೇದಾಮ್ಲವನ್ನು ಕಟ್ಟಿದಂತೆ ತೋರಲಿಲ್ಲ. ಇಂಥ ಪ್ರಯೋಗಗಳನ್ನೆಲ್ಲ 1977ರಲ್ಲಿ ಹೋಲ್ಟ್ಸ್ ಎಂಬ ವಿದ್ವಾಂಸನು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಸಮೀಕ್ಷಿಸಿದನು. ಮಲೇರಿಯ ಜೀವಿಯು ಮೇದಾಮ್ಲಗಳನ್ನು ತಾನೇ ತಯಾರಿಸಲಾರದು, ಆತಿಥೇಯನ ಪ್ಲಾಸ್ಮದಿಂದ ಪಡೆಯುತ್ತದೆ ಎಂಬುದು ಆ ಕಾಲದ ಸಾಮಾನ್ಯ ಸಿದ್ಧಾಂತವಾಯಿತು.

ಇದೇ ಸಮಯದಲ್ಲಿ, 1976ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಟ್ರೇಗರ್ ಮತ್ತು ಜೆನ್ಸನ್ ಎಂಬವರು ಫಾಲ್ಸಿಪರಂ ಜೀವಿಯನ್ನು ಮನುಷ್ಯನ ರಕ್ತಕಣಗಳಲ್ಲಿ, ದೇಹದ ಹೊರಗೆ, ನಿರಂತರವಾಗಿ ಬೆಳೆಸುವ ಉಪಾಯ ಕಂಡುಹಿಡಿದರು. ಉಪಕರಣ ಅತಿ ಸರಳ: ಗಾಜಿನ ಜಾಡಿಯಲ್ಲಿ ತಟ್ಟೆಗಳ ಜೊತೆಗೆ ಒಂದು ಮೇಣದ ಬತ್ತಿ ಹಚ್ಚಿ ಮುಚ್ಚಳ ಹಾಕುವುದು, ಬತ್ತಿ ತಾನಾಗಿ ಆರುವ ಹೊತ್ತಿಗೆ ಆಮ್ಲಜನಕ ಕಡಮೆಯಾಗಿ, ಇಂಗಾಲಾಮ್ಲ ಅನಿಲ ಹೆಚ್ಚಿ, ಪರೋಪಜೀವಿಗೆ ಹಿತವಾದ ವಾತಾವರಣ ಉಂಟಾಗುವುದು. ಆದರೆ ಪೋಷಕ ದ್ರವಕ್ಕೆ ಮನುಷ್ಯನ ರಕ್ತದ ಸೀರಂ ಸೇರಿಸದಿದ್ದರೆ ಬೆಳೆ ನಿಲ್ಲುತ್ತಿತ್ತು. ಸೀರಂನಲ್ಲಿ ಅಷ್ಟು ಅನಿವಾರ್ಯವಾದುದೇನು? 2000ದಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ ಉತ್ತರ ಗಮನಾರ್ಹವಾದುದು. ಆಲ್ಬುಮಿನ್ನಿನೊಡನೆ ಎರಡು ಮೇದಾಮ್ಲಗಳನ್ನು ಕೊಟ್ಟರೆ ಸೀರಂ ಇಲ್ಲದೆಯೂ ಜೀವಿ ಬೆಳೆಯುವುದು: ಒಂದು ಹದಿನಾರು ಇಂಗಾಲಗಳ ಪಾಮಿಟಿಕ್ ಆಮ್ಲ, ಇನ್ನೊಂದು ಹದಿನೆಂಟು ಇಂಗಾಲಗಳ ಓಲಿಯಿಕ್ ಆಮ್ಲ. ಎರಡನೆಯದು ನಮ್ಮ ಕಡಲೆಕಾಯಿ ಎಣ್ಣೆಯಲ್ಲಿ ಯಥೇಚ್ಛವಾಗಿರುವ ವಸ್ತು. ಕಲ್ಲು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಇದು ಸ್ಪಷ್ಟವಾದ ಉತ್ತರ. ರಕ್ತಕಣದೊಳಗಿನ ಪರೋಪಜೀವಿಯು ರೋಗಿಯ ಪ್ಲಾಸ್ಮದಲ್ಲಿ ಹರಿದಾಡುವ ಮೇದಾಮ್ಲಗಳನ್ನು ಎಳೆದುಕೊಳ್ಳುತ್ತದೆ. ಕೊಲೆಸ್ಟರಾಲ್ ತಯಾರಿಸುವ ಶಕ್ತಿಯಂತೂ ಅದಕ್ಕೆ ಇಲ್ಲವೇ ಇಲ್ಲ. ಬೇಕಾದಷ್ಟನ್ನು ಹೊರಗಿನಿಂದಲೇ ತೆಗೆದುಕೊಳ್ಳುತ್ತದೆ.

4. ಕಟ್ಟಿದವರು ಯಾರು

ಮೇದಾಮ್ಲ ಒಂದೇ ಪೊರೆಯಾಗದು. ಎರಡು ಮೇದಾಮ್ಲಗಳು ಗ್ಲಿಸರಾಲಿಗೆ ಸೇರಬೇಕು. ಅದಕ್ಕೆ ಫಾಸ್ಫೇಟಿನ ಮೂಲಕ ಕೋಲೀನ್ ಅಥವಾ ಎಥನಾಲಮೀನ್ ಎಂಬ ತಲೆಭಾಗ ಕೂಡಬೇಕು. ಕೋಲೀನ್ ಕೂಡಿದುದು ಫಾಸ್ಫಟಿಡಿಲ್ ಕೋಲೀನ್. ಎಥನಾಲಮೀನ್ ಕೂಡಿದುದು ಫಾಸ್ಫಟಿಡಿಲ್ ಎಥನಾಲಮೀನ್. ಪರೋಪಜೀವಿಯ ಫಾಸ್ಫೋಲಿಪಿಡ್ಡಿನಲ್ಲಿ ಮುಕ್ಕಾಲು ಪಾಲಿಗೂ ಮಿಗಿಲಾಗಿ ಇರತಕ್ಕವು ಈ ಎರಡೇ. ಪ್ರಾಣಿಗಳ ಜೀವಕೋಶಗಳಲ್ಲಿ ಈ ಜೋಡಣೆ ನಡೆಯುವ ಕ್ರಮವನ್ನು ಅಮೆರಿಕದ ಯೂಜೀನ್ ಕೆನೆಡಿ 1950ರ ದಶಕದಲ್ಲಿ ವಿಶದಪಡಿಸಿದ್ದನು. ಅದಕ್ಕೆ ಕೆನೆಡಿ ಮಾರ್ಗವೆಂದೇ ಹೆಸರು.

ಸೋಂಕಿಲ್ಲದ ರಕ್ತಕಣದಲ್ಲಿ ಕೆನೆಡಿ ಮಾರ್ಗದ ಕಾರ್ಯ ನಡೆಯುವುದಿಲ್ಲ. ಸೋಂಕು ತಗಲಿದ ಕಣದಲ್ಲಿ ಅದು ಬಿರುಸಾಗಿ ನಡೆಯುತ್ತದೆ. ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಆನ್ರಿ ವಿಯಾಲ್ ಮತ್ತು ಸಂಗಡಿಗರು 1980ರ ದಶಕದಿಂದ ನಡೆಸಿದ ಪರೀಕ್ಷೆಗಳು ಆ ಕಿಣ್ವಗಳು ಪರೋಪಜೀವಿಯವೇ ಎಂಬುದನ್ನು ಸ್ಥಿರಪಡಿಸಿದುವು. ಕಲ್ಲು ರೋಗಿಯದು, ಕಟ್ಟುವ ಕೈ ಪರೋಪಜೀವಿಯದು. ಸೋಂಕಿನ ಅನಂತರ ರಕ್ತಕಣದ ಪೊರೆಯೇ ಮಾರ್ಪಟ್ಟು, ಹೊರಗಿನಿಂದ ಕೋಲೀನ್ ಒಳಬರುವ ವೇಗವೂ ಹೆಚ್ಚುತ್ತದೆ.

ಇಷ್ಟು ತಿಳಿದ ಮೇಲೆ ಔಷಧದ ವಿಚಾರ ಸಹಜವಾಗಿ ಬಂದಿತು. ಕೋಲೀನಿನಂತೆ ತೋರುವ, ಆದರೆ ಅದರ ಕೆಲಸ ಮಾಡದ ಅಣುಗಳನ್ನು ಮಾಂಪೆಲಿಯೆ ಪಂಗಡದವರು ರಚಿಸಿದರು. ಅಂಥ ಒಂದು ಸಂಯುಕ್ತವು ಸೋಂಕಿತ ಕಣಗಳಲ್ಲಿಯೇ ವಿಶೇಷವಾಗಿ ಶೇಖರವಾಗಿ, ದಕ್ಷಿಣ ಅಮೆರಿಕದ ಆಟಸ್ ಜಾತಿಯ ಕೋತಿಗಳಲ್ಲಿ ಫಾಲ್ಸಿಪರಂ ಮಲೇರಿಯವನ್ನು ಗುಣಪಡಿಸಿತೆಂದು 2002ರಲ್ಲಿ ಪ್ರಕಟವಾಯಿತು. ಇದೇ ವರ್ಗದ ಔಷಧವೊಂದು ಮನುಷ್ಯರ ಮೇಲಿನ ಪರೀಕ್ಷೆಯವರೆಗೂ ಹೋಯಿತು. ಆದರೆ ಚಿಕಿತ್ಸೆಯ ಬಳಕೆಗೆ ಬರಲಿಲ್ಲ. 2004ರಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು. ಪರೋಪಜೀವಿಗೆ ಕೋಲೀನ್ ಪಡೆಯಲು ಎರಡನೆಯ ದಾರಿಯೂ ಉಂಟು. ಸೆರೀನ್ ಎಂಬ ಅಮೈನೋ ಆಮ್ಲದಿಂದ ಎಥನಾಲಮೀನ್ ಮಾಡಿ, ಅದಕ್ಕೆ ಮೂರು ಮೀಥೈಲ್ ಗುಂಪುಗಳನ್ನು ಸೇರಿಸಿ ಫಾಸ್ಫೋಕೋಲೀನ್ ಪಡೆಯಬಲ್ಲದು. ಹಿಮೋಗ್ಲೋಬಿನ್ನನ್ನು ಜೀರ್ಣಿಸಿದರೆ ಸೆರೀನ್ ದೊರೆಯುತ್ತದೆ. ಈ ಮಾರ್ಗವು ಸಸ್ಯಗಳಲ್ಲಿ ಕಾಣತಕ್ಕದ್ದು. ಇದರ ಮುಖ್ಯ ಕಿಣ್ವ ಮನುಷ್ಯನಲ್ಲಿಲ್ಲ.

ಪರೋಪಜೀವಿಯು ಮೇದಾಮ್ಲಗಳನ್ನು ಇಂಧನವಾಗಿ ಸುಡುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಅದಕ್ಕೆ ಬೇಕಾದ ಕಿಣ್ವಗಳ ಸಮೂಹ ಅದರಲ್ಲಿ ಕಾಣದು. ಅದರ ಶಕ್ತಿಯ ಮೂಲ ಗ್ಲೂಕೋಸ್. ಆದರೂ ಬೆಳವಣಿಗೆಯ ನಡುವಿನ ಹಂತಗಳಲ್ಲಿ ಟ್ರೈಗ್ಲಿಸರೈಡ್ ರೂಪದ ಮೇದಸ್ಸಿನ ಹನಿಗಳನ್ನು ಕೂಡಿಟ್ಟು, ಕಣ ಒಡೆಯುವ ಹೊತ್ತಿಗೆ ಅವನ್ನು ಕರಗಿಸುತ್ತದೆ. ಅದು ಉರುವಲಿನ ರಾಶಿಯಲ್ಲ, ಕಟ್ಟಡದ ಸಾಮಗ್ರಿಯ ದಾಸ್ತಾನು.

5. ಅನಿರೀಕ್ಷಿತವಾದ ಒಂದು ಕಾರ್ಖಾನೆ

1977ರ ಸಿದ್ಧಾಂತವು ಹೀಗೆ ಭದ್ರವಾಗಿ ನಿಂತಿದ್ದಾಗ, ಯಾರೂ ನಿರೀಕ್ಷಿಸದ ಕಡೆಯಿಂದ ಹೊಸ ಆಧಾರವೊಂದು ಬಂದಿತು. ಮಲೇರಿಯ ಜೀವಿಯಲ್ಲಿ ಕೋಶಕೇಂದ್ರದ ಹೊರಗೆ 35 ಸಾವಿರ ಅಕ್ಷರಗಳಷ್ಟು ಉದ್ದದ ಒಂದು ವೃತ್ತಾಕಾರದ ಡಿ.ಎನ್.ಎ. ಇರುವುದು ಕಂಡುಬಂದಿತ್ತು. ಅದರ ಬರವಣಿಗೆ ಸಸ್ಯಗಳ ಹರಿದ್ರೇಣುವಿನ ಡಿ.ಎನ್.ಎ.ಯನ್ನು ಹೋಲುತ್ತಿತ್ತು. 1996ರಲ್ಲಿ, ಅದು ಪರೋಪಜೀವಿಯ ಒಂದು ಪ್ರತ್ಯೇಕ ಅಂಗಕದಲ್ಲಿರುವುದೆಂದು ಸಿದ್ಧವಾಯಿತು. ಅತಿ ಪ್ರಾಚೀನ ಕಾಲದಲ್ಲಿ ಇದರ ಪೂರ್ವಜನು ಒಂದು ಪಾಚಿಯನ್ನು ನುಂಗಿ ಅರಗಿಸದೆ ಉಳಿಸಿಕೊಂಡುದರ ಅವಶೇಷವೇ ಈ ಅಂಗಕ. ಅದಕ್ಕೆ ಎಪಿಕೋಪ್ಲಾಸ್ಟ್ ಎಂದು ಹೆಸರು.

ಸಸ್ಯಗಳಲ್ಲಿ ಮೇದಾಮ್ಲ ತಯಾರಾಗುವುದು ಇಂಥ ಅಂಗಕದಲ್ಲಿಯೇ. ಮನುಷ್ಯನಲ್ಲಿ ಈ ಕಾರ್ಯವನ್ನು ಹಲವು ಸಾಮರ್ಥ್ಯಗಳುಳ್ಳ ಒಂದೇ ದೊಡ್ಡ ಕಿಣ್ವವು ಮಾಡುತ್ತದೆ. ಬ್ಯಾಕ್ಟೀರಿಯಗಳಲ್ಲಿಯೂ ಸಸ್ಯದ ಅಂಗಕಗಳಲ್ಲಿಯೂ ಪ್ರತ್ಯೇಕವಾದ ಕಿಣ್ವಗಳು ಸಾಲಾಗಿ ನಿಂತು ಮಾಡುತ್ತವೆ. ಎರಡನೆಯ ವಿಧಾನದ ಕಿಣ್ವಗಳಿಗೆ ಸಂಬಂಧಿಸಿದ ಜೀನುಗಳು ಮಲೇರಿಯ ಜೀವಿಯಲ್ಲಿವೆಯೆಂದು 1998ರಲ್ಲಿ ತಿಳಿದುಬಂದಿತು. ಮೇದಾಮ್ಲ ತಯಾರಿಸಲಾರದೆಂದು ತೀರ್ಮಾನಿಸಿದ್ದ ಜೀವಿಯ ಒಡಲಿನಲ್ಲಿ ಮೇದಾಮ್ಲದ ಕಾರ್ಖಾನೆ ಕಂಡಂತಾಯಿತು.

ಬೆಂಗಳೂರಿನ ಅಧ್ಯಾಯ ಇಲ್ಲಿ ಆರಂಭವಾಗುತ್ತದೆ. ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ ಅವರು 2001ರಲ್ಲಿ ಒಂದು ಮಹತ್ತ್ವದ ಪ್ರಬಂಧವನ್ನು ಪ್ರಕಟಿಸಿದರು. ಸಾಬೂನು ಮತ್ತು ಟೂತ್‌ಪೇಸ್ಟುಗಳಲ್ಲಿ ಸೇರಿಸುತ್ತಿದ್ದ ಟ್ರೈಕ್ಲೋಸಾನ್ ಎಂಬ ವಸ್ತುವು ಬ್ಯಾಕ್ಟೀರಿಯಗಳ ಮೇದಾಮ್ಲದ ಸಾಲಿನಲ್ಲಿ ಫ್ಯಾಬ್-ಐ ಎಂಬ ಕಿಣ್ವವನ್ನು ತಡೆಯುವುದೆಂದು ಆ ವೇಳೆಗೆ ತಿಳಿದಿತ್ತು. ಅದೇ ವಸ್ತು ರಕ್ತಕಣಗಳಲ್ಲಿ ಬೆಳೆಯುವ ಫಾಲ್ಸಿಪರಂ ಜೀವಿಯನ್ನು ತಡೆಯುತ್ತದೆ, ಮಲೇರಿಯ ತಗಲಿಸಿದ ಇಲಿಗಳನ್ನು ಕಾಪಾಡುತ್ತದೆ, ಗುರುತು ಹಚ್ಚಿದ ಅಸಿಟೇಟು ಮೇದಾಮ್ಲಕ್ಕೆ ಸೇರುವುದನ್ನು ನಿಲ್ಲಿಸುತ್ತದೆ ಎಂದು ಅವರು ತೋರಿಸಿದರು. ಮನುಷ್ಯನಲ್ಲಿಲ್ಲದ ವಿಧಾನ, ಅದನ್ನು ತಡೆಯುವ ವಸ್ತು, ಎರಡೂ ಒಟ್ಟಿಗೆ ದೊರೆತಂತೆ ತೋರಿತು. ಜಗತ್ತಿನ ಅನೇಕ ಪ್ರಯೋಗಶಾಲೆಗಳು ಈ ಕಿಣ್ವದ ಹಿಂದೆ ಬಿದ್ದುವು. 2002ರಲ್ಲಿ ಪ್ರಕಟವಾದ ಫಾಲ್ಸಿಪರಂ ಜೀನೋಮಿನ ಸಂಪೂರ್ಣ ಪಾಠವೂ ಆ ಕಿಣ್ವಗಳ ಇರವನ್ನು ಸಮರ್ಥಿಸಿತು.

6. ಇರುವಿಕೆ ಮತ್ತು ಬಳಕೆ

ಈ ಘಟ್ಟದಲ್ಲಿ ಇತಿಹಾಸಕಾರನಿಗೆ ಪರಿಚಿತವಾದ ಒಂದು ಎಚ್ಚರಿಕೆ ನೆನಪಿಗೆ ಬರುತ್ತದೆ. ಅರ್ಥಶಾಸ್ತ್ರದಲ್ಲಿ ಒಂದು ತೆರಿಗೆಯ ಹೆಸರಿದೆಯೆಂದ ಮಾತ್ರಕ್ಕೆ, ಕನ್ನಡನಾಡಿನ ಒಂದು ಗ್ರಾಮದಲ್ಲಿ ಅದು ವಸೂಲಾಗುತ್ತಿತ್ತೆಂದು ನಾವು ಹೇಳಲಾರೆವು. ಅದಕ್ಕೆ ಆ ಊರಿನ ಶಾಸನ ಬೇಕು. ಗ್ರಂಥದಲ್ಲಿರುವ ವಿಧಿ ಬೇರೆ, ಆಚರಣೆಯಲ್ಲಿದ್ದ ವಿಧಿ ಬೇರೆ. ಜೀನೋಮು ಗ್ರಂಥದಂತೆ. ಯಾವ ಸಾಮರ್ಥ್ಯವುಂಟೆಂಬುದನ್ನು ಅದು ಹೇಳುತ್ತದೆ. ಯಾವ ಕಾಲದಲ್ಲಿ, ಯಾವ ಸ್ಥಳದಲ್ಲಿ ಆ ಸಾಮರ್ಥ್ಯ ಅನಿವಾರ್ಯವಾಯಿತೆಂಬುದನ್ನು ಹೇಳುವುದಿಲ್ಲ.

ಅನಿವಾರ್ಯತೆಯನ್ನು ಪರೀಕ್ಷಿಸುವ ನೇರವಾದ ಕ್ರಮವೆಂದರೆ ಜೀನನ್ನೇ ತೆಗೆದುಹಾಕಿ ನೋಡುವುದು. 2008ರಲ್ಲಿ ಅಮೆರಿಕದ ಸಂಶೋಧಕರ ನೇತೃತ್ವದಲ್ಲಿ ಫ್ಯಾಬ್-ಐ ಜೀನನ್ನು ತೆಗೆದ ಪರೋಪಜೀವಿಗಳು ಸಿದ್ಧವಾದುವು. ಫಲಿತಾಂಶ ನಿಸ್ಸಂದಿಗ್ಧವಾಗಿತ್ತು. ರಕ್ತಕಣಗಳಲ್ಲಿ ಅವು ಎಂದಿನಂತೆ ಬೆಳೆದುವು. ಆದರೆ ಇಲಿಯ ಮಲೇರಿಯದಲ್ಲಿ, ಸೊಳ್ಳೆ ಕಚ್ಚಿದ ಮೇಲೆ ಪರೋಪಜೀವಿಯು ಮೊದಲು ನೆಲಸುವ ಯಕೃತ್ತಿನಲ್ಲಿ, ಬೆಳವಣಿಗೆಯ ಕಡೆಯ ಹಂತ ಕುಂಠಿತವಾಯಿತು. 2009ರಲ್ಲಿ ಇದೇ ಸಾಲಿನ ಬೇರೆ ಕಿಣ್ವಗಳ ಜೀನುಗಳನ್ನು ತೆಗೆದು ನಡೆಸಿದ ಪ್ರಯೋಗಗಳೂ ಇದನ್ನೇ ಹೇಳಿದುವು. ಯಕೃತ್ತಿನ ಒಂದೇ ಕೋಶದಲ್ಲಿ ಒಂದು ಪರೋಪಜೀವಿಯಿಂದ ಸಾವಿರಾರು ಮರಿಜೀವಿಗಳು ಹುಟ್ಟಬೇಕು. ಅಲ್ಲಿ ಪೊರೆಯ ಬೇಡಿಕೆ ರಕ್ತಕಣದಲ್ಲಿರುವುದಕ್ಕಿಂತ ಎಷ್ಟೋ ಪಾಲು ದೊಡ್ಡದು. ಎರವಲು ಸಾಲದೆಡೆಯಲ್ಲಿ ಸ್ವಂತ ಕಾರ್ಖಾನೆ ಬೇಕಾಗುತ್ತದೆಂದು ಭಾವಿಸುವುದು ಯುಕ್ತವಾಗಿದೆ.

ಹಾಗಾದರೆ 2001ರ ಪ್ರಯೋಗಗಳ ಗತಿಯೇನು? ಟ್ರೈಕ್ಲೋಸಾನ್ ಪರೋಪಜೀವಿಯನ್ನು ತಡೆಯುತ್ತದೆಂಬ ಅವಲೋಕನ ನಿಂತಿದೆ. ಫ್ಯಾಬ್-ಐ ಇಲ್ಲದ ಜೀವಿಗಳನ್ನೂ ಅದು ತಡೆಯುವುದರಿಂದ, ರಕ್ತಕಣದ ಹಂತದಲ್ಲಿ ಅದರ ಗುರಿ ಬೇರೆಯೇ ಇರಬೇಕೆಂಬುದು ಸ್ಪಷ್ಟವಾಯಿತು. ಡೈಹೈಡ್ರೊಫೋಲೇಟ್ ರಿಡಕ್ಟೇಸ್ ಎಂಬ ಇನ್ನೊಂದು ಕಿಣ್ವವನ್ನು ಅದು ತಡೆಯುವುದೆಂದು 2018ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದುವು. ಬೆಂಗಳೂರಿನ ಪ್ರಬಂಧವು ವ್ಯರ್ಥವಾಯಿತೆಂದು ಇದರಿಂದ ತಿಳಿಯಬಾರದು. ಈ ಮಾರ್ಗದ ಕಡೆಗೆ ಜಗತ್ತಿನ ಗಮನ ಸೆಳೆದುದರಲ್ಲಿ ಅದರ ಪಾಲು ದೊಡ್ಡದು. ಅದನ್ನು ತಿದ್ದಿದ ಪರೀಕ್ಷೆಗಳೂ ಅದು ಎತ್ತಿದ ಪ್ರಶ್ನೆಗೆ ಬಂದ ಉತ್ತರಗಳೇ.

ತಿದ್ದುಪಡಿಯಿಂದ ಹೊಸ ಉಪಯೋಗವೂ ಹುಟ್ಟಿತು. ಈ ಸಾಲಿನ ಜೀನು ತೆಗೆದ ಜೀವಿಗಳು ಯಕೃತ್ತಿನಲ್ಲಿಯೇ ನಿಂತುಹೋಗಿ ರಕ್ತಕ್ಕೆ ಬರುವುದಿಲ್ಲವಾದುದರಿಂದ, ಅವನ್ನೇ ಲಸಿಕೆಯಾಗಿ ಬಳಸಿದಾಗ ಇಲಿಗಳಲ್ಲಿ ಬಲವಾದ ರಕ್ಷಣೆ ಉಂಟಾಯಿತೆಂದು 2011ರಲ್ಲಿ ವರದಿಯಾಯಿತು. ಆದರೆ 2014ರಲ್ಲಿ ಮತ್ತೊಂದು ಭೇದ ಕಂಡುಬಂದಿತು. ಮನುಷ್ಯನ ಫಾಲ್ಸಿಪರಂ ಜೀವಿಯಲ್ಲಿ ಇದೇ ಜೀನುಗಳನ್ನು ತೆಗೆದರೆ ಅದು ಯಕೃತ್ತಿನವರೆಗೂ ಬರುವುದಿಲ್ಲ. ಸೊಳ್ಳೆಯ ಒಳಗೇ ಬೆಳವಣಿಗೆ ನಿಲ್ಲುತ್ತದೆ. ಇಲಿಯ ಜೀವಿಯಿಂದ ಪಡೆದ ನಿರ್ಣಯವನ್ನು ಮನುಷ್ಯನ ಜೀವಿಗೆ ಹಾಗೆಯೇ ಅನ್ವಯಿಸಲಾಗದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ರಕ್ತಕಣದ ಹಂತದಲ್ಲಿ ಮೇದಾಮ್ಲದ ಕಾರ್ಖಾನೆ ಬೇಡವಾದರೆ, ಆ ಪಾಚಿಯ ಅವಶೇಷವೇ ಬೇಡವೇ? ಹಾಗಲ್ಲ. ಅದೇ ಅಂಗಕದಲ್ಲಿ ಐಸೋಪ್ರೀನಾಯ್ಡ್ ಎಂಬ ಇನ್ನೊಂದು ಜಾತಿಯ ಲಿಪಿಡ್ಡಿನ ಮೂಲವಸ್ತುವೂ ತಯಾರಾಗುತ್ತದೆ. ಫಾಸ್ಮಿಡೋಮೈಸಿನ್ ಎಂಬ ವಸ್ತುವು ಇದನ್ನು ತಡೆದು ಪರೋಪಜೀವಿಯನ್ನು ಕೊಲ್ಲುತ್ತದೆಂದು 1999ರಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿದ್ದರು. 2011ರಲ್ಲಿ ಅಮೆರಿಕದ ಯೇ ಮತ್ತು ಡಿರೀಸಿ ಎಂಬವರು ಆ ಮೂಲವಸ್ತುವನ್ನು ಹೊರಗಿನಿಂದ ಒದಗಿಸಿ, ಎಪಿಕೋಪ್ಲಾಸ್ಟನ್ನು ಸಂಪೂರ್ಣವಾಗಿ ಕಳೆದುಕೊಂಡ ಜೀವಿಗಳನ್ನೂ ರಕ್ತಕಣಗಳಲ್ಲಿ ಬೆಳೆಸಿದರು. ರಕ್ತದಲ್ಲಿರುವಷ್ಟು ಕಾಲ ಈ ಅಂಗಕವು ಪರೋಪಜೀವಿಗೆ ಅನಿವಾರ್ಯವಾಗಿ ಒದಗಿಸಬೇಕಾದ ವಸ್ತು ಅದೊಂದೇ ಎಂಬುದು ಇದರಿಂದ ಸಿದ್ಧವಾಯಿತು.

7. ಲಿಪಿಡ್ಡಿನ ಕೊರತೆ ಒಂದು ಸೂಚನೆ

ಹೊರಗಿನ ಲಿಪಿಡ್ ಪರೋಪಜೀವಿಗೆ ಆಹಾರ ಮಾತ್ರವಲ್ಲ, ಸಮಾಚಾರವೂ ಹೌದೆಂದು 2017ರಲ್ಲಿ ತಿಳಿದುಬಂದಿತು. ಪ್ಲಾಸ್ಮದಲ್ಲಿ ಲೈಸೋಫಾಸ್ಫಟಿಡಿಲ್ ಕೋಲೀನ್ ಎಂಬ ಲಿಪಿಡ್ ಹೇರಳವಾಗಿರುತ್ತದೆ. ಪರೋಪಜೀವಿಯು ಅದರಿಂದ ಕೋಲೀನನ್ನು ಪಡೆಯುತ್ತದೆ. ಅದು ಸಮೃದ್ಧವಾಗಿರುವ ತನಕ ಜೀವಿಯು ರಕ್ತಕಣದಿಂದ ರಕ್ತಕಣಕ್ಕೆ ವೃದ್ಧಿಯಾಗುತ್ತ ಹೋಗುತ್ತದೆ. ಅದರ ಪ್ರಮಾಣ ಇಳಿದಾಗ, ಹೆಚ್ಚು ಜೀವಿಗಳು ಗ್ಯಾಮಿಟೋಸೈಟ್ ಎಂಬ ಲೈಂಗಿಕ ರೂಪಕ್ಕೆ ತಿರುಗುತ್ತವೆ. ಸೊಳ್ಳೆಗೆ ದಾಟಿ ಇನ್ನೊಬ್ಬ ಮನುಷ್ಯನನ್ನು ತಲಪುವುದು ಈ ರೂಪದಿಂದಲೇ. ಊರಿನಲ್ಲಿ ಧಾನ್ಯ ಮುಗಿಯುತ್ತ ಬಂದಾಗ ಜನ ವಲಸೆಗೆ ಸಿದ್ಧರಾಗುವಂತೆ, ಪರೋಪಜೀವಿಯು ಲಿಪಿಡ್ಡಿನ ಕೊರತೆಯನ್ನು ಗ್ರಹಿಸಿ ಪ್ರಯಾಣಕ್ಕೆ ಸಿದ್ಧವಾಗುತ್ತದೆ. ಒಬ್ಬ ರೋಗಿಯ ಪ್ಲಾಸ್ಮದಲ್ಲಿ ನಡೆಯುವ ಏರಿಳಿತಕ್ಕೂ ಊರಿನಲ್ಲಿ ರೋಗ ಹರಡುವುದಕ್ಕೂ ಹೀಗೊಂದು ಸಂಬಂಧ ಏರ್ಪಟ್ಟಿದೆ.

8. ಉಪಸಂಹಾರ

ಮೇಲೆ ನಿರೂಪಿಸಿದ ಸಂಗತಿಗಳಿಂದ ಇಷ್ಟು ನಿಷ್ಪನ್ನವಾಗುತ್ತದೆ. ರಕ್ತಕಣದೊಳಗಿನ ಮಲೇರಿಯ ಜೀವಿಯು ಮೇದಾಮ್ಲವನ್ನೂ ಕೊಲೆಸ್ಟರಾಲನ್ನೂ ರೋಗಿಯಿಂದ ಪಡೆದು, ತನ್ನ ಕಿಣ್ವಗಳಿಂದ ಫಾಸ್ಫೋಲಿಪಿಡ್ಡುಗಳನ್ನು ಕಟ್ಟಿಕೊಳ್ಳುತ್ತದೆ. ಮೇದಾಮ್ಲ ತಯಾರಿಸುವ ಸಾಧನ ಅದರಲ್ಲಿದ್ದರೂ ಆ ಸಾಧನ ಅನಿವಾರ್ಯವಾಗುವು‍ದು ಸೊಳ್ಳೆಯಲ್ಲಿ ಇಲ್ಲವೆ ಯಕೃತ್ತಿನಲ್ಲಿ. ಐಸೋಪ್ರೀನಾಯ್ಡುಗಳನ್ನು ಮಾತ್ರ ರಕ್ತದಲ್ಲಿಯೂ ತಾನೇ ತಯಾರಿಸಬೇಕು. ಔಷಧ ಹುಡುಕುವವರು ರಕ್ತದ ಹಂತದಲ್ಲಿ ಕಟ್ಟುವ ಕೈಯನ್ನೂ ಐಸೋಪ್ರೀನಾಯ್ಡಿನ ಮಾರ್ಗವನ್ನೂ, ಯಕೃತ್ತಿನ ಹಂತದಲ್ಲಿ ಮೇದಾಮ್ಲದ ಕಾರ್ಖಾನೆಯನ್ನೂ ಗುರಿಯಾಗಿಟ್ಟುಕೊಳ್ಳುವುದು ಸಮಂಜಸವೆಂದು ಇದರಿಂದ ತೋರುತ್ತದೆ.

1977ರ ಸಿದ್ಧಾಂತವನ್ನು 2001ರ ಶೋಧ ಅಲ್ಲಗಳೆಯಿತೆಂದೂ, 2008ರಲ್ಲಿ ಹಳೆಯದೇ ಗೆದ್ದಿತೆಂದೂ ಹೇಳುವುದು ಸುಲಭ. ಆದರೆ ನಡೆದುದು ಅದಲ್ಲ. ಹಳೆಯ ಸಿದ್ಧಾಂತವು ರಕ್ತದಲ್ಲಿ ಕಂಡುದನ್ನು ಜೀವಿಯ ಇಡೀ ಬಾಳಿಗೆ ವಿಸ್ತರಿಸಿತ್ತು. ನಡುವಿನ ಶೋಧವು ಜೀವಿಯಲ್ಲಿರುವ ಸಾಮರ್ಥ್ಯವನ್ನು ರಕ್ತದ ಹಂತಕ್ಕೆ ಅನಿವಾರ್ಯವೆಂದು ಭಾವಿಸಿತ್ತು. ಕಡೆಯ ಪ್ರಯೋಗಗಳು ಒಂದೊಂದು ಸಾಕ್ಷ್ಯವನ್ನೂ ಅದರ ಸ್ಥಳದಲ್ಲಿಟ್ಟುವು. ಒಂದು ಊರಿನ ಶಾಸನವನ್ನು ಇಡೀ ರಾಜ್ಯಕ್ಕೆ, ಒಬ್ಬ ಅರಸನ ಆಳ್ವಿಕೆಯನ್ನು ಇಡೀ ವಂಶಕ್ಕೆ ಅನ್ವಯಿಸಬಾರದೆಂದು ನಾವು ತರಗತಿಗಳಲ್ಲಿ ಬೋಧಿಸುತ್ತೇವೆ. ಆ ನಿಯಮಕ್ಕೆ ರಕ್ತದ ಒಂದು ಕಣವೂ ಹೊರತಲ್ಲ. ನಮ್ಮ ಶಾಸ್ತ್ರದಲ್ಲಿ ಅದನ್ನು ಮರೆತರೆ ಒಂದು ಪುಸ್ತಕ ತಪ್ಪಾದೀತು. ಇಲ್ಲಿ ಮರೆತರೆ ಔಷಧವು ಪರೋಪಜೀವಿಗೆ ತಾಗದೆ ಹೋಗುತ್ತದೆ, ರೋಗಿ ಕಾದೇ ಇರುತ್ತಾನೆ.